ಬ್ಲೂ ಕಾರ್ಡಿನಿಂದ ಜರ್ಮನಿಯ ಪಿಆರ್‌ವರೆಗೆ: ಕಾನೂನು ಹೇಗಿದೆ, ಫೈಲು ಎಲ್ಲಿ ಸಿಕ್ಕಿಬೀಳುತ್ತದೆ

ತೀರ್ಪು ಮೊದಲೇ ಹೇಳಿಬಿಡೋಣ: ಕಾನೂನು ಚೆನ್ನಾಗಿದೆ, ಕಚೇರಿ ನಿಧಾನ. ಕಾನೂನಿಗೆ ಐದಕ್ಕೆ ನಾಲ್ಕೂವರೆ, ಕಚೇರಿಗೆ ಎರಡೂವರೆ.

ಜರ್ಮನಿಯಲ್ಲಿ ಕೆಲಸಕ್ಕಿರುವ ನಮ್ಮವರು ಪಿಆರ್ ಅಥವಾ ಎನ್‌ಇ ಅನ್ನುವುದು ‘ನೀಡರ್‌ಲಾಸುಂಗ್ಸ್‌ಎರ್‌ಲೌಪ್ನಿಸ್’ ಎಂಬ ಕಾಯಂ ವಾಸದ ಪರವಾನಗಿಗೆ. ಇದಕ್ಕೆ ಲಾಟರಿ ಇಲ್ಲ, ಕೆನಡಾದ ಹಾಗೆ ಅಂಕಗಳ ಪೈಪೋಟಿ ಇಲ್ಲ, ಅಮೆರಿಕದ ಗ್ರೀನ್ ಕಾರ್ಡಿನ ಹಾಗೆ ಹುಟ್ಟಿದ ದೇಶ ನೋಡಿ ಸಾಲಿನಲ್ಲಿ ನಿಲ್ಲಿಸುವ ಪದ್ಧತಿಯೂ ಇಲ್ಲ. ವಾಸ ಕಾನೂನಿನ 18ಸಿ ಕಲಮಿನ ಷರತ್ತುಗಳನ್ನು ಪೂರೈಸಿದವರಿಗೆ ಪರವಾನಗಿ ಕೊಡಲೇಬೇಕು, ಅಧಿಕಾರಿಯ ಮರ್ಜಿಗೆ ಬಿಟ್ಟದ್ದಲ್ಲ. ಬ್ಲೂ ಕಾರ್ಡ್ ಅಂದರೆ ಹೆಚ್ಚು ಓದಿದ, ಒಳ್ಳೆಯ ಸಂಬಳದ ವಿದೇಶಿ ನೌಕರರಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿ. ಅದು ಇರುವವರಿಗೆ ಎ1 (ಆರಂಭದ) ಮಟ್ಟದ ಜರ್ಮನ್ ಇದ್ದರೆ 27 ತಿಂಗಳ ಕೆಲಸ ಸಾಕು, ಬಿ1 (ಮಧ್ಯಮ) ಇದ್ದರೆ 21 ತಿಂಗಳು. 2023ರ ನವೆಂಬರ್‌ಗೆ ಮುಂಚೆ ಈ 27ರ ಜಾಗದಲ್ಲಿ 33 ಇತ್ತು. ಎರಡು ವರ್ಷಕ್ಕೂ ಮೊದಲೇ ಕಾಯಂ ಹಕ್ಕು ಕೊಡುವ ಇಂಥ ದಾರಿ ದೊಡ್ಡ ದೇಶಗಳಲ್ಲಿ ಅಪರೂಪ.

ಇಷ್ಟು ಸುಲಭವಾಗಿದ್ದರೂ ಅರ್ಜಿಗಳು ವಾಪಸ್ ಬರುತ್ತವೆ, ತಿಂಗಳುಗಟ್ಟಲೆ ಕೊಳೆಯುತ್ತವೆ. ಕಾರಣ ಬಹಳ ಸಲ ಒಂದೇ: ಯಾವ ತಿಂಗಳು ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಅರ್ಜಿದಾರರು ಒಂದು ರೀತಿ ಎಣಿಸಿರುತ್ತಾರೆ, ಕಚೇರಿ ಇನ್ನೊಂದು ರೀತಿ ಎಣಿಸುತ್ತದೆ.

ಎಣಿಕೆಗೆ ಬರುವ ತಿಂಗಳು, ಬಾರದ ತಿಂಗಳು

ವಿಮಾನ ಇಳಿದ ದಿನದಿಂದ ಎಣಿಸಬೇಡಿ. ಬ್ಲೂ ಕಾರ್ಡಿನ ಷರತ್ತಿಗೆ ಒಪ್ಪುವ ಕೆಲಸ ಮಾಡುತ್ತಾ ಪಿಂಚಣಿ ವಂತಿಗೆ ಕಟ್ಟಿದ ತಿಂಗಳುಗಳನ್ನು ಮಾತ್ರ ಎಣಿಸಬೇಕು. ಜರ್ಮನಿಯಲ್ಲಿ ಸಂಬಳದ ಶೇ 18.6ರಷ್ಟು ಸರ್ಕಾರಿ ಪಿಂಚಣಿಗೆ ಹೋಗುತ್ತದೆ; ಅರ್ಧ, ಅಂದರೆ ಶೇ 9.3, ನಿಮ್ಮ ಸಂಬಳದಿಂದ, ಉಳಿದರ್ಧ ಕಂಪನಿಯಿಂದ. ಸ್ಯಾಲರಿ ಸ್ಲಿಪ್‌ನಲ್ಲಿ ‘ಆರ್‌ವಿ’ (ಪಿಂಚಣಿ ವಿಮೆ) ಎಂಬ ಸಾಲು ಇದೆಯೇ ಎಂದು ಮೊದಲ ತಿಂಗಳೇ ನೋಡಿ. ಆ ಸಾಲು ಇಲ್ಲದಿದ್ದರೆ ನಿಮ್ಮ ಗಡಿಯಾರ ಓಡುತ್ತಿಲ್ಲ.

ಬೆಂಗಳೂರಿನ ಐಟಿ ಕಂಪನಿಗಳಿಂದ ಡೆಪ್ಯುಟೇಶನ್ ಮೇಲೆ ಹೋದವರು ಎಡವುವುದು ಇಲ್ಲೇ. ಭಾರತ ಮತ್ತು ಜರ್ಮನಿಯ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಭಾರತದ ಕಂಪನಿ ತಾತ್ಕಾಲಿಕವಾಗಿ ಕಳಿಸಿದ ನೌಕರರು ಇಲ್ಲಿನ ಪಿಎಫ್‌ನಲ್ಲೇ ಮುಂದುವರಿದು, ಅದರ ಪ್ರಮಾಣಪತ್ರ ತೋರಿಸಿ ಅಲ್ಲಿನ ಪಿಂಚಣಿ ವಂತಿಗೆಯಿಂದ ವಿನಾಯಿತಿ ಪಡೆಯಬಹುದು. ಕೈಗೆ ಬರುವ ಸಂಬಳ ಹೆಚ್ಚಾಗುತ್ತದೆ ನಿಜ, ಪಿಆರ್ ಲೆಕ್ಕಕ್ಕೆ ಮಾತ್ರ ಆ ತಿಂಗಳುಗಳು ಸೊನ್ನೆ. ಜೊತೆಗೆ ಇಂಥವರಲ್ಲಿ ಬಹಳ ಮಂದಿಯ ಬಳಿ ಇರುವುದು ಬ್ಲೂ ಕಾರ್ಡ್ ಅಲ್ಲ, ಕಂಪನಿಯೊಳಗಿನ ವರ್ಗಾವಣೆಗೆ ಕೊಡುವ ಐಸಿಟಿ ಕಾರ್ಡ್. ಐಸಿಟಿ ಕಾರ್ಡಿನಲ್ಲಿ ಕಳೆದ ಎರಡು ವರ್ಷವನ್ನು ಬ್ಲೂ ಕಾರ್ಡಿನ 21 ತಿಂಗಳಿಗೆ ಸೇರಿಸಲು ಬರುವುದಿಲ್ಲ. ಜರ್ಮನಿಯಲ್ಲೇ ನೆಲೆಸುವ ಮನಸ್ಸಿದ್ದರೆ ಜರ್ಮನ್ ಕಂಪನಿಯ, ಅಥವಾ ನಿಮ್ಮ ಕಂಪನಿಯ ಜರ್ಮನ್ ಶಾಖೆಯ, ಸ್ಥಳೀಯ ಉದ್ಯೋಗ ಒಪ್ಪಂದಕ್ಕೆ ಎಷ್ಟು ಬೇಗ ಬದಲಾಗುತ್ತೀರೋ ಅಷ್ಟು ಲಾಭ.

ಅಲ್ಲೇ ಎಂ.ಎಸ್. ಓದಿದವರಿಗೂ ಒಂದು ಮಾತು. ವಿದ್ಯಾರ್ಥಿಯಾಗಿದ್ದಾಗ ವೆರ್ಕ್‌ಸ್ಟುಡೆಂಟ್ ಕೆಲಸ ಮಾಡಿ ಪಿಂಚಣಿ ವಂತಿಗೆ ಕಟ್ಟಿದ್ದರೂ ಅದು ಬ್ಲೂ ಕಾರ್ಡಿನ ತಿಂಗಳಾಗುವುದಿಲ್ಲ. ಕೆಲಸ ಹೋಗಿ ನಿರುದ್ಯೋಗ ಭತ್ಯೆ ಪಡೆದ ತಿಂಗಳುಗಳೂ ಅಷ್ಟೆ. ಆದರೆ ಊರಿನಿಂದಲೇ ಬ್ಲೂ ಕಾರ್ಡಿನ ಉದ್ದೇಶಕ್ಕೆ ವೀಸಾ ಪಡೆದು ಹೋದವರು, ಕಾರ್ಡ್ ಕೈಗೆ ಬರುವ ಮುಂಚೆ ಆ ವೀಸಾದ ಮೇಲೆ ಕೆಲಸ ಮಾಡಿದ ತಿಂಗಳುಗಳನ್ನು ಧೈರ್ಯವಾಗಿ ಸೇರಿಸಿಕೊಳ್ಳಬಹುದು. ಇದನ್ನು ಬಿಟ್ಟು ಕಾರ್ಡ್ ಬಂದ ದಿನದಿಂದ ಎಣಿಸಿ ಸುಮ್ಮನೆ ಎರಡು ಮೂರು ತಿಂಗಳು ಕಳೆದುಕೊಳ್ಳುವವರು ಇದ್ದಾರೆ.

ಬ್ಲೂ ಕಾರ್ಡ್ ಸಿಗುವುದಕ್ಕೆ ಬೇಕಾದ ಕನಿಷ್ಠ ಸಂಬಳ ಪ್ರತಿ ಜನವರಿಗೆ ಬದಲಾಗುತ್ತದೆ. ಪಿಂಚಣಿ ವಂತಿಗೆಗೆ ಗೊತ್ತುಪಡಿಸಿದ ವಾರ್ಷಿಕ ಸಂಬಳದ ಗರಿಷ್ಠ ಮಿತಿಯ ಶೇ 50 ಸಾಮಾನ್ಯ ಕೆಲಸಗಳಿಗೆ, ಶೇ 45.3 ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಜನರ ಕೊರತೆಯಿರುವ ಕೆಲಸಗಳಿಗೆ ಮತ್ತು ಪದವಿ ಮುಗಿಸಿ ಮೂರು ವರ್ಷದೊಳಗಿನವರಿಗೆ. 2025ರಲ್ಲಿ ಇವು 48,300 ಮತ್ತು 43,759.80 ಯೂರೊ ಇದ್ದವು; 2026ಕ್ಕೆ 50,700 ಮತ್ತು 45,934.20 ಯೂರೊ. ಡಿಸೆಂಬರ್‌ನಲ್ಲಿ ಆಫರ್ ಲೆಟರ್ ಬಂದು ಜನವರಿಯಲ್ಲಿ ಅರ್ಜಿ ಹಾಕುವವರು ಹೊಸ ಮಿತಿಯನ್ನೇ ನೋಡಬೇಕು. ಹಳೆಯ ಮಿತಿಗೆ ಸರಿಯಾಗಿ ಅಳೆದು ಕೊಟ್ಟ ಆಫರ್ ಅಲ್ಲಿಗೇ ಬೀಳುತ್ತದೆ. ಪದವಿ ಇಲ್ಲದ ಐಟಿಯವರಿಗೂ ಈಗ ಬಾಗಿಲು ತೆರೆದಿದೆ: ಹಿಂದಿನ ಏಳು ವರ್ಷದಲ್ಲಿ ಮೂರು ವರ್ಷದ ಸೂಕ್ತ ಅನುಭವ ಇದ್ದರೆ ಕೆಳಗಿನ ಮಿತಿ ಸಾಕು.

ಕಾರ್ಡ್ ಸಿಕ್ಕ ಮೊದಲ 12 ತಿಂಗಳಲ್ಲಿ ಕೆಲಸ ಬದಲಾಯಿಸಿದರೆ ವಲಸೆ ಕಚೇರಿಗೆ ತಿಳಿಸಲೇಬೇಕು. ಅವರು 30 ದಿನ ತಡೆಹಿಡಿದು ಪರಿಶೀಲಿಸಬಹುದು. ತಿಳಿಸದೆ ಬದಲಾಯಿಸಿದವರ ಕಡತದಲ್ಲಿ ಪಿಆರ್ ಹೊತ್ತಿಗೆ ಈ ಪ್ರಶ್ನೆ ತಲೆ ಎತ್ತುತ್ತದೆ.

ಪಿಂಚಣಿ ಪತ್ರದ ಎಡವಟ್ಟು

ಕಡತದಲ್ಲಿ ಎಲ್ಲಕ್ಕಿಂತ ಮುಖ್ಯ ಕಾಗದ ‘ರೆಂಟನ್‌ಫೆರ್‌ಜಿಷರುಂಗ್ಸ್‌ಫೆರ್‌ಲೌಫ್’, ಅಂದರೆ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ವಂತಿಗೆ ಬಿದ್ದಿದೆ ಎಂಬ ಪಟ್ಟಿ. ಸರ್ಕಾರಿ ಪಿಂಚಣಿ ಸಂಸ್ಥೆಯಾದ ಡಾಯ್ಚ ರೆಂಟನ್‌ಫೆರ್‌ಜಿಷರುಂಗ್‌ನ ಜಾಲತಾಣದಲ್ಲಿ ಕೇಳಿಕೊಂಡರೆ ದುಡ್ಡಿಲ್ಲದೆ ಕಳಿಸುತ್ತಾರೆ. ಅದೇ ಸಂಸ್ಥೆ ‘ರೆಂಟನ್‌ಇನ್‌ಫರ್ಮಾಟ್ಸಿಯೋನ್’ ಎಂಬ ಇನ್ನೊಂದು ಪತ್ರವನ್ನೂ ಕಳಿಸುತ್ತದೆ. ಅದರಲ್ಲಿರುವುದು ಮುಂದೆ ಎಷ್ಟು ಪಿಂಚಣಿ ಬರಬಹುದು ಎಂಬ ಅಂದಾಜು ಮಾತ್ರ. ಎರಡರ ಲೆಟರ್‌ಹೆಡ್ಡೂ ಒಂದೇ ಆದ್ದರಿಂದ ಗೊಂದಲ ಆಗುತ್ತದೆ. ಅಂದಾಜಿನ ಪತ್ರ ಹಚ್ಚಿದರೆ ಕಚೇರಿಯಿಂದ ‘ಕಾಗದ ಅಪೂರ್ಣ’ ಎಂಬ ಪತ್ರ ಬರುತ್ತದೆ, ಅದು ಬರುವುದಕ್ಕೇ ವಾರಗಳು ಹಿಡಿಯುತ್ತವೆ.

ಸರಿಯಾದ ಪಟ್ಟಿ ತಂದವರಿಗೂ ಇನ್ನೊಂದು ತೊಡಕು ಕಾದಿರುತ್ತದೆ. ಕಂಪನಿಗಳು ನೌಕರರ ಇಡೀ ವರ್ಷದ ವಿವರವನ್ನು ಪಿಂಚಣಿ ಸಂಸ್ಥೆಗೆ ಕಳಿಸುವುದು ವರ್ಷಕ್ಕೊಮ್ಮೆ, ಮುಂದಿನ ವರ್ಷದ ಫೆಬ್ರವರಿ 15ರೊಳಗೆ. ಹಾಗಾಗಿ ಅಕ್ಟೋಬರ್‌ನಲ್ಲಿ ಪಟ್ಟಿ ತರಿಸಿದರೆ ಅದು ಹಿಂದಿನ ಡಿಸೆಂಬರ್‌ಗೇ ನಿಂತಿರುತ್ತದೆ. ನಿಮ್ಮ 21 ತಿಂಗಳು ತುಂಬಿದ್ದರೂ ಕಾಗದದಲ್ಲಿ 12 ಮಾತ್ರ ಕಾಣುತ್ತದೆ. ಮೊದಲ ಸಲ ನೋಡಿದವರು ಕಂಪನಿ ವಂತಿಗೆ ಕಟ್ಟಿಲ್ಲ ಎಂದು ಗಾಬರಿಯಾಗುತ್ತಾರೆ, ಅಂಥದ್ದೇನೂ ಇರುವುದಿಲ್ಲ. ಪರಿಹಾರ ಸರಳ: ಪಟ್ಟಿಯ ಜೊತೆಗೆ ನಡೆಯುತ್ತಿರುವ ವರ್ಷದ ಎಲ್ಲ ಸ್ಯಾಲರಿ ಸ್ಲಿಪ್‌ಗಳನ್ನೂ ಹಚ್ಚಿ, ತಿಂಗಳುಗಳನ್ನು ಎಣಿಸಿ ತೋರಿಸುವ ಎರಡು ಸಾಲಿನ ಪತ್ರವನ್ನು ಜರ್ಮನ್‌ನಲ್ಲಿ ಮೇಲಿಡಿ. ಮೂರು ಸ್ಲಿಪ್ ಸಾಕು ಎಂದು ಚೆಕ್‌ಲಿಸ್ಟ್ ಹೇಳಿದರೂ ಇಲ್ಲಿ ಕಂಜೂಸಿ ಮಾಡಬೇಡಿ. ಅರ್ಜಿ ನೋಡುವ ಗುಮಾಸ್ತರು ತಾವೇ ಲೆಕ್ಕ ಹಾಕುವ ಕಷ್ಟ ತಪ್ಪಿದಷ್ಟೂ ಕಡತ ಬೇಗ ಸರಿಯುತ್ತದೆ.

ಭಾಷೆ, ಪರೀಕ್ಷೆ, ಮನೆ, ವಿಮೆ

ಬಿ1 ಕಲಿಯಲು ಬೆಂಗಳೂರಿನಲ್ಲೇ ಗ್ಯೋಟೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಹೊರಡುವ ಮುಂಚೆ ಎ2 ಮುಗಿಸಿಕೊಂಡು ಹೋದವರು ಅಲ್ಲಿ ಕೆಲಸದ ಮಧ್ಯೆ ಬಿ1 ಮುಟ್ಟುತ್ತಾರೆ. ಸೊನ್ನೆಯಿಂದ ಹೋದವರಿಗೆ ಇಂಗ್ಲಿಷ್ ಆಫೀಸು, ಇಂಗ್ಲಿಷ್ ಗೆಳೆಯರ ನಡುವೆ 21 ತಿಂಗಳು ಸುಮ್ಮನೆ ಸರಿದುಹೋಗುತ್ತದೆ. ಗ್ಯೋಟೆ, ಟೆಲ್ಕ್, ಓಎಸ್‌ಡಿ (ÖSD) ಪ್ರಮಾಣಪತ್ರಗಳು ಎಲ್ಲೆಡೆ ನಡೆಯುತ್ತವೆ. ಆನ್‌ಲೈನ್ ಕೋರ್ಸ್ ಮುಗಿಸಿದ ಸರ್ಟಿಫಿಕೇಟ್, ಕಂಪನಿ ಕ್ಲಾಸಿನ ಹಾಜರಿ ಪತ್ರ ನಡೆಯುವುದಿಲ್ಲ. ಆರು ತಿಂಗಳು ಉಳಿಸುವುದಕ್ಕಷ್ಟೇ ಬಿ1 ಅಂದುಕೊಳ್ಳಬೇಡಿ. ಮುಂದೆ ಪೌರತ್ವಕ್ಕೂ, ಇಯು (ಯುರೋಪಿಯನ್ ಒಕ್ಕೂಟ) ಮಟ್ಟದ ಕಾಯಂ ವಾಸಕ್ಕೂ ಅದೇ ಬೇಕು, ಆದ್ದರಿಂದ ಎ1ರಲ್ಲಿ ನಿಲ್ಲುವುದು ಲಾಭದ ಲೆಕ್ಕವಲ್ಲ.

ಜರ್ಮನಿಯ ಕಾನೂನು, ಸಮಾಜದ ಬಗ್ಗೆ ತಿಳಿದಿದೆ ಎಂದು ತೋರಿಸಲು ಪಿಆರ್‌ಗೆ ಬೇಕಾದ ‘ಲೇಬನ್ ಇನ್ ಡಾಯ್ಚ್‌ಲಾಂಡ್’ ಪರೀಕ್ಷೆ ಕಷ್ಟದ್ದಲ್ಲ. ಬಹಿರಂಗವಾಗಿ ಸಿಗುವ 310 ಪ್ರಶ್ನೆಗಳಿಂದ 33 ಕೇಳುತ್ತಾರೆ: 30 ದೇಶದ ಬಗ್ಗೆ, 3 ನೀವಿರುವ ರಾಜ್ಯದ ಬಗ್ಗೆ. ಅವಧಿ 60 ನಿಮಿಷ, ಶುಲ್ಕ 25 ಯೂರೊ. ಪಿಆರ್‌ಗೆ 15 ಸರಿಯುತ್ತರ, ಪೌರತ್ವಕ್ಕೆ 17. ಹದಿನೇಳು ದಾಟಿದರೆ ಅದೇ ಪತ್ರ ಎರಡಕ್ಕೂ ಆಗುವುದರಿಂದ ಸರಿಯಾಗಿ ಓದಿಕೊಂಡೇ ಹೋಗಿ. ನಿಜವಾದ ತೊಂದರೆ ಇರುವುದು ಸೀಟಿನಲ್ಲಿ. ಪರೀಕ್ಷೆ ನಡೆಸುವ ಫೋಕ್ಸ್‌ಹೋಖ್‌ಶೂಲೆಗಳಲ್ಲಿ (ವಯಸ್ಕರ ಶಿಕ್ಷಣ ಕೇಂದ್ರಗಳಲ್ಲಿ) ದೊಡ್ಡ ಊರುಗಳಲ್ಲಿ ಜಾಗ ಬೇಗ ತುಂಬುತ್ತದೆ, ಫಲಿತಾಂಶವೂ ವಾರಗಟ್ಟಲೆ ತಡ. 21ನೇ ತಿಂಗಳಿಗೆ ಅರ್ಜಿ ಹಾಕಬೇಕೆಂದರೆ 14 ಅಥವಾ 15ನೇ ತಿಂಗಳಲ್ಲೇ ಹೆಸರು ಬರೆಸಿ. ಪಕ್ಕದ ಸಣ್ಣ ಊರಿನ ಕೇಂದ್ರದಲ್ಲಿ ಸೀಟು ಸುಲಭವಾಗಿ ಸಿಗುತ್ತದೆ.

ಮನೆಯ ವಿಷಯದಲ್ಲಿ ನಿಯಮ ಮಾನವೀಯವಾಗಿದೆ. ಆರು ವರ್ಷ ಮೇಲ್ಪಟ್ಟವರಿಗೆ ತಲಾ 12 ಚದರ ಮೀಟರ್, ಅದಕ್ಕಿಂತ ಚಿಕ್ಕ ಮಕ್ಕಳಿಗೆ 10 ಇದ್ದರೆ ಸಾಕೆಂದು ಎಣಿಸುತ್ತಾರೆ. ಬಾಡಿಗೆ ಕರಾರಿನಲ್ಲಿ ವಿಸ್ತೀರ್ಣ ಬರೆದಿರಬೇಕು, ನಿಮ್ಮ ಹೆಸರೂ ಇರಬೇಕು. ಒಳಬಾಡಿಗೆಗೆ ಇರುವವರು ಮೂಲ ಮಾಲೀಕರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ವಿಮೆಯಲ್ಲಿ ಸರ್ಕಾರಿ ಆರೋಗ್ಯ ವಿಮೆಯ ಸದಸ್ಯತ್ವ ಪತ್ರ ಇದ್ದರೆ ಮಾತೇ ಇಲ್ಲ. ತಿಂಗಳಿಗೆ ಕಡಿಮೆ ದುಡ್ಡು ಎಂದು ವಿದೇಶಿಯರಿಗೆ ಮಾರುವ ತಾತ್ಕಾಲಿಕ ‘ಎಕ್ಸ್‌ಪ್ಯಾಟ್’ ಪಾಲಿಸಿ ಹಿಡಿದವರ ಅರ್ಜಿ ಇಲ್ಲಿ ಬೀಳುತ್ತದೆ, ಏಕೆಂದರೆ ಅದರ ಅವಧಿಗೂ ಚಿಕಿತ್ಸೆಯ ವ್ಯಾಪ್ತಿಗೂ ಮಿತಿ ಇರುತ್ತದೆ. ಪೂರ್ಣ ಖಾಸಗಿ ವಿಮೆ ಇದ್ದರೆ, ಅದು ಸರ್ಕಾರಿ ವಿಮೆಗೆ ಸಮ ಎಂದು ಕಂಪನಿಯಿಂದ ಬರೆಸಿಕೊಂಡ ಪತ್ರ ಬೇಕು.

ಕೆಲಸ ಖಾಯಂ ಎಂದು ಕಂಪನಿ ಕೊಡುವ ಪತ್ರ ಹೊಸದಾಗಿರಬೇಕು, ಒಪ್ಪಂದ ರದ್ದಾಗಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಅರ್ಜಿಯ ಹೊಸ್ತಿಲಲ್ಲಿ ಕೆಲಸ ಬದಲಿಸುವುದು ಒಳ್ಳೆಯದಲ್ಲ: ಆರು ತಿಂಗಳ ಪ್ರೊಬೇಷನ್ ಮುಗಿಯುವವರೆಗೆ ಹಲವು ಕಚೇರಿಗಳು ಕಡತ ಮುಟ್ಟುವುದಿಲ್ಲ, ಆದಾಯ ಭದ್ರ ಎಂಬ ಷರತ್ತು ಅದುವರೆಗೆ ಈಡೇರಿಲ್ಲ ಎನ್ನುವುದು ಅವರ ವಾದ.

ಹೆಸರಿನ ಇನಿಷಿಯಲ್

ಕರ್ನಾಟಕದಿಂದ ಹೋದವರಿಗೆ ವಿಶೇಷವಾಗಿ ಕಾಡುವ ಸಂಗತಿ ಇದು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಪದವಿ ಪ್ರಮಾಣಪತ್ರದಲ್ಲಿ ಇನ್ನೊಂದು ರೀತಿ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಮೂರನೇ ರೀತಿ. ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಜಾಗ ಖಾಲಿ. ಜರ್ಮನಿಯ ಕಚೇರಿಗಳಿಗೆ ಮನೆತನದ ಹೆಸರು ಮತ್ತು ಸ್ವಂತ ಹೆಸರು ಎರಡೂ ಬೇರೆ ಬೇರೆ ಬೇಕು. ಖಾಲಿ ಇದ್ದರೆ ಒಂದು ಕಚೇರಿ ಇಡೀ ಹೆಸರನ್ನು ಮನೆತನದ ಜಾಗಕ್ಕೆ ಹಾಕುತ್ತದೆ, ವಿಮಾ ಕಂಪನಿ ಕೊನೆಯ ಪದವನ್ನಷ್ಟೇ ಹಾಕುತ್ತದೆ, ಬ್ಯಾಂಕು ಇನ್ನೇನೋ ಮಾಡುತ್ತದೆ. ಪಿಂಚಣಿ ಸಂಸ್ಥೆಯಲ್ಲಿ ಒಬ್ಬರಿಗೇ ಎರಡು ಸಂಖ್ಯೆ ಹುಟ್ಟಿ ವಂತಿಗೆಯ ತಿಂಗಳುಗಳು ಎರಡು ಖಾತೆಗೆ ಹಂಚಿಹೋಗುವ ಅಪಾಯವೂ ಇದೆ. ಮಗು ಹುಟ್ಟಿದಾಗ ಜನನ ನೋಂದಣಿಯಲ್ಲಿ ಈ ಗೋಜಲು ದುಪ್ಪಟ್ಟಾಗುತ್ತದೆ.

ವೀಸಾ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ತುಂಬಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಇಳಿದ ಮೇಲೆ ಉದ್ಯೋಗ ಒಪ್ಪಂದ, ವಿಳಾಸ ನೋಂದಣಿ, ವಿಮೆ, ಪಿಂಚಣಿ ಎಲ್ಲ ಕಡೆ ಪಾಸ್‌ಪೋರ್ಟಿನ ಅಕ್ಷರಗಳನ್ನೇ ಬಳಸಿ. ಆಫೀಸಿನ ಇ-ಮೇಲ್‌ನಲ್ಲಿ ಚಿಕ್ಕದಾಗಿ ಬರೆಯುವ ಹೆಸರು ಒಪ್ಪಂದಕ್ಕೆ ನುಸುಳದಂತೆ ನೋಡಿಕೊಳ್ಳಿ. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಪಿಆರ್ ಕೇಳಿ. ಹಕ್ಕು ಕಾಯಂ ಆದರೂ ಕೈಗೆ ಬರುವ ಪ್ಲಾಸ್ಟಿಕ್ ಕಾರ್ಡಿನ ಅವಧಿ ಪಾಸ್‌ಪೋರ್ಟಿಗೆ ಕಟ್ಟಿಬಿದ್ದಿದೆ. ಹಳೆಯ ಪಾಸ್‌ಪೋರ್ಟಿನ ಮೇಲೆ ತೆಗೆದುಕೊಂಡರೆ ಕೆಲವೇ ತಿಂಗಳಲ್ಲಿ ಮತ್ತೆ ಶುಲ್ಕ, ಮತ್ತೆ ಅಪಾಯಿಂಟ್‌ಮೆಂಟ್.

ಕಚೇರಿಯ ಮುಂದೆ

ಇಷ್ಟೆಲ್ಲ ಸರಿಯಿದ್ದರೂ ಔಸ್‌ಲೆಂಡರ್‌ಬೆಹ್ಯೋರ್ಡೆ, ಅಂದರೆ ವಲಸೆ ಕಚೇರಿ, ತನ್ನದೇ ವೇಗದಲ್ಲಿ ನಡೆಯುತ್ತದೆ. ಒಂದೊಂದು ಊರಿಗೆ ಒಂದೊಂದು ಪದ್ಧತಿ: ಕೆಲವು ಕಡೆ ಪೂರ್ತಿ ಆನ್‌ಲೈನ್ ಅರ್ಜಿ, ಕೆಲವು ಕಡೆ ಇ-ಮೇಲ್, ಇನ್ನು ಕೆಲವು ಕಡೆ ಅಂಚೆ. ಕಾನೂನು ದೇಶಕ್ಕೆಲ್ಲ ಒಂದೇ ಆದರೂ ಚೆಕ್‌ಲಿಸ್ಟ್ ಊರೂರಿಗೆ ಬೇರೆ, ಆದ್ದರಿಂದ ಮ್ಯೂನಿಕ್‌ನ ಗೆಳೆಯರು ಕೊಟ್ಟ ಪಟ್ಟಿ ಹಿಡಿದು ಸ್ಟುಟ್‌ಗಾರ್ಟ್‌ನಲ್ಲಿ ಅರ್ಜಿ ಹಾಕಬೇಡಿ. 113 ಯೂರೊ ಶುಲ್ಕ ಈ ಹಕ್ಕಿಗೆ ತೀರಾ ಕಡಿಮೆ. ಉತ್ತರವೇ ಬಾರದೆ ಕಾಯುವ ಕಾಲವೇ ಇಲ್ಲಿ ನಿಜವಾದ ಬೆಲೆ. 2025ರ ಮೇ 1ರಿಂದ ಕಾಗದದ ಫೋಟೊ ನಡೆಯುವುದಿಲ್ಲ, ಡಿಜಿಟಲ್ ಫೋಟೊ ಮಾತ್ರ; ಕಚೇರಿಯ ಯಂತ್ರದಲ್ಲೇ ತೆಗೆಸಿದರೆ 6 ಯೂರೊ.

ಕಾಯುವ ಕಾಲದಲ್ಲಿ ಬ್ಲೂ ಕಾರ್ಡಿನ ಅವಧಿ ಮುಗಿಯುವಂತಿದ್ದರೆ, ಮುಗಿಯುವ ದಿನಕ್ಕೆ ಮುಂಚೆಯೇ ಅರ್ಜಿ ಕಚೇರಿ ಸೇರಿರಬೇಕು. ಆಗ ಹಳೆಯ ಪರವಾನಗಿ ಮುಂದುವರಿದಂತೆ ಎಂದು ಕಾನೂನೇ ಹೇಳುತ್ತದೆ, ಅದಕ್ಕೆ ಸಾಕ್ಷಿಯಾಗಿ ‘ಫಿಕ್ಸಿಯೋನ್ಸ್‌ಬೆಶೈನಿಗುಂಗ್’ ಎಂಬ ಪತ್ರ ಕೊಡುತ್ತಾರೆ, ಶುಲ್ಕ 13 ಯೂರೊ. ಈ ಪತ್ರ ಕೈಗೆ ಬಂದ ಕೂಡಲೇ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಎಂದು ನೋಡಿ. ಪರವಾನಗಿ ಮುಂದುವರಿದಿದೆ ಎಂಬ ಚೌಕಕ್ಕೆ, 81ನೇ ಕಲಮಿನ 4ನೇ ಉಪಕಲಮಿಗೆ, ಗುರುತಿದ್ದರೆ ಮಾತ್ರ ಊರಿಗೆ ಹೋಗಿ ವಾಪಸ್ ಬರಬಹುದು. ಬೇರೆ ಚೌಕಕ್ಕೆ ಗುರುತಿದ್ದು ದಸರೆಗೆಂದು ಮೈಸೂರಿಗೆ ಬಂದವರು ಹಿಂದಿರುಗಲು ಹೊಸ ವೀಸಾಕ್ಕೆ ಅಲೆಯಬೇಕಾಗುತ್ತದೆ.

ಮೂರು ತಿಂಗಳು ಕಳೆದರೂ ಸರಿಯಾದ ಕಾರಣವಿಲ್ಲದೆ ನಿರ್ಧಾರ ಬಾರದಿದ್ದರೆ ಆಡಳಿತ ನ್ಯಾಯಾಲಯದಲ್ಲಿ ನಿಷ್ಕ್ರಿಯತೆಯ ದಾವೆ ಹೂಡುವ ಹಕ್ಕು ಇದೆ. ಅದಕ್ಕೆ ಮೊದಲು ದಿನಾಂಕ ಕೊಟ್ಟು ಒಂದು ಲಿಖಿತ ನೆನಪೋಲೆ ಕಳಿಸಿ. ದಾವೆಯ ಪ್ರಸ್ತಾಪ ಅದರಲ್ಲಿ ಸೌಜನ್ಯವಾಗಿಯೇ ಇರಲಿ. ಹಲವು ಕಡತಗಳು ಅಷ್ಟಕ್ಕೇ ಅಲುಗುತ್ತವೆ. ಅರ್ಜಿ ತುಂಬಿಕೊಡಲು ವಕೀಲರು ಬೇಕಿಲ್ಲ, ದಾವೆಯ ಹಂತಕ್ಕೆ ಬಂದರೆ ಮಾತ್ರ ಅವರ ಶುಲ್ಕಕ್ಕೆ ಅರ್ಥವಿದೆ.

ಬೆಂಗಳೂರಿನ ಏಜೆಂಟರ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾದ ಮಾತು: ಸಾಮಾನ್ಯ ಉದ್ಯೋಗಿಗಳಿಗೆ ಭಾರತದಲ್ಲಿ ಕೂತು ಜರ್ಮನಿಯ ಪಿಆರ್‌ಗೆ ಅರ್ಜಿ ಹಾಕುವ ದಾರಿಯೇ ಇಲ್ಲ. ಆ ಹೆಸರಿನಲ್ಲಿ ಮಾರುವುದು ಬಹುಮಟ್ಟಿಗೆ 2024ರ ಜೂನ್‌ನಲ್ಲಿ ಬಂದ ‘ಶಾನ್ಸೆನ್‌ಕಾರ್ಟೆ’, ಕೆಲಸ ಹುಡುಕಲು ಒಂದು ವರ್ಷದ ಪರವಾನಗಿ. ಅದಕ್ಕೆ 2025ರ ದರದಲ್ಲಿ ತಿಂಗಳಿಗೆ 1,091 ಯೂರೊ ಲೆಕ್ಕದಲ್ಲಿ ವರ್ಷದ ಹಣವನ್ನು ಸಾಮಾನ್ಯವಾಗಿ ತಡೆಖಾತೆಯಲ್ಲಿ (ಬ್ಲಾಕ್ಡ್ ಅಕೌಂಟ್) ತೋರಿಸಬೇಕು, ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಅದರಲ್ಲಿ ಕಳೆದ ಒಂದು ತಿಂಗಳೂ ಬ್ಲೂ ಕಾರ್ಡಿನ ಲೆಕ್ಕಕ್ಕಿಲ್ಲ.

ಹೆಂಡತಿ ಅಥವಾ ಗಂಡನ ವಿಷಯದಲ್ಲಿ ಈ ವ್ಯವಸ್ಥೆ ನಿಜಕ್ಕೂ ಉದಾರ. ಬ್ಲೂ ಕಾರ್ಡಿನವರ ಸಂಗಾತಿಗೆ ವೀಸಾ ಹಂತದಲ್ಲಿ ಜರ್ಮನ್ ಪರೀಕ್ಷೆ ಕೇಳುವುದಿಲ್ಲ, ಬಂದ ದಿನದಿಂದ ಯಾವ ಕೆಲಸವನ್ನಾದರೂ ಮಾಡಬಹುದು. ನಿಮಗೆ 18ಸಿ ಅಡಿಯಲ್ಲಿ ಪಿಆರ್ ಬಂದ ಮೇಲೆ, ಸಂಗಾತಿ ಮೂರು ವರ್ಷ ಪರವಾನಗಿ ಹೊಂದಿ, ವಾರಕ್ಕೆ ಕನಿಷ್ಠ 20 ಗಂಟೆ ದುಡಿಯುತ್ತಾ, ಬಿ1 ಮುಗಿಸಿದ್ದರೆ ಅವರಿಗೂ ಪಿಆರ್ ಸಿಗುತ್ತದೆ. ಸಾಮಾನ್ಯ ನಿಯಮದ ಐದು ವರ್ಷ ಕಾಯಬೇಕಿಲ್ಲ. ಸಂಗಾತಿಯನ್ನು ಮೊದಲ ವರ್ಷವೇ ಭಾಷಾ ತರಗತಿಗೆ ಸೇರಿಸದಿರುವುದು ಆಮೇಲೆ ಮನೆಯ ಇಬ್ಬರಿಗೂ ಕಷ್ಟವಾಗುತ್ತದೆ.

ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವವರಿಗೆ ಪಿಆರ್‌ನ ಒಂದು ಕೊರತೆ ಗೊತ್ತಿರಲೇಬೇಕು. ಬ್ಲೂ ಕಾರ್ಡ್ ಇರುವಾಗ 12 ತಿಂಗಳವರೆಗೆ ದೇಶದ ಹೊರಗಿರಬಹುದು. ಪಿಆರ್ ಬಂದ ಮೇಲೆ ಆ ಮಿತಿ ಆರು ತಿಂಗಳಿಗೆ ಇಳಿಯುತ್ತದೆ, ದಾಟಿದರೆ ಹಕ್ಕು ತಾನಾಗಿ ರದ್ದು. ಮನೆ ಖಾಲಿ ಮಾಡಿ, ವಿಳಾಸ ನೋಂದಣಿ ತೆಗೆಸಿ, ಕೆಲಸ ಬಿಟ್ಟು ಹೊರಟರೆ ಆರು ತಿಂಗಳಿಗೂ ಕಾಯುವುದಿಲ್ಲ, ಕಾಯಂ ಆಗಿ ಹೋದಿರಿ ಎಂದು ಅಂದೇ ರದ್ದಾಗಬಹುದು. ಐದು ವರ್ಷದ ವಾಸ, 60 ತಿಂಗಳ ವಂತಿಗೆ ಮತ್ತು ಬಿ1 ಆದವರು 109 ಯೂರೊ ಕಟ್ಟಿ ‘ಡೌವರ್‌ಔಫೆಂಟ್‌ಹಾಲ್ಟ್-ಇಯು’ ತೆಗೆದುಕೊಂಡರೆ, ಹಿಂದೆ ಬ್ಲೂ ಕಾರ್ಡ್ ಇದ್ದವರಿಗೆ ಇಯು ಹೊರಗೆ 24 ತಿಂಗಳವರೆಗೆ ಅವಕಾಶ ಇದೆ. ಭಾರತದ ಪೌರತ್ವ ಬಿಡಲು ಮನಸ್ಸಿಲ್ಲದವರಿಗೆ ಜರ್ಮನ್ ಪಾಸ್‌ಪೋರ್ಟಿಗಿಂತ ಇದೇ ಒಳ್ಳೆಯ ಆಯ್ಕೆ. ಅಷ್ಟು ವರ್ಷ ಇನ್ನೂ ಆಗಿಲ್ಲ, ಊರಿನಲ್ಲಿ ಯಾರಿಗೋ ಹುಷಾರಿಲ್ಲ, ಏಳೆಂಟು ತಿಂಗಳು ಅಲ್ಲೇ ಇರಬೇಕಾಗಬಹುದು ಎಂಬ ಪರಿಸ್ಥಿತಿ ಬಂದರೆ, ಹೊರಡುವ ಮುಂಚೆಯೇ ವಲಸೆ ಕಚೇರಿಗೆ ಆಸ್ಪತ್ರೆ ಕಾಗದ ಹಚ್ಚಿ ಮನವಿ ಕೊಡಿ. ತಾತ್ಕಾಲಿಕ ಕಾರಣಕ್ಕೆ ಆರು ತಿಂಗಳಿಗಿಂತ ಹೆಚ್ಚಿನ ಅವಧಿಯನ್ನು ನಿಗದಿ ಮಾಡಿಕೊಡಲು 51ನೇ ಕಲಮಿನಲ್ಲಿ ಅವಕಾಶ ಇದೆ, ಆ ಪತ್ರ ಪಡೆಯದೆ ಆರು ತಿಂಗಳು ದಾಟಬೇಡಿ.